ಖಾಲಿ ಹೊಟ್ಟೆ ಯಾರದೆಂದು ತಿಳಿಸದ ಪಶುವೈದ್ಯರಿಗೆ

ಮಾನ್ಯ ಪಶುವೈದ್ಯರೇ,

ರಾತ್ರಿ ಎರಡೂವರೆಗೆ ಅಡುಗೆಮನೆಯಿಂದ ಬಂದ ಕರುಂಕುರುಂ ಸದ್ದಿಗೆ ಎಚ್ಚೆತ್ತು ಕುಳಿತಿರುವ ನಾನು, ತಮಗೆ ಸವಿನಿದ್ದೆಯನ್ನು ಹಾರೈಸುತ್ತಾ, ಈ ದೂರನ್ನು ತಮ್ಮ ಚಿಕಿತ್ಸಾಲಯದ ವಾಟ್ಸಾಪ್ ಗುಂಪಿನಲ್ಲಿ ಬಹಿರಂಗವಾಗಿ ಸಲ್ಲಿಸುತ್ತಿದ್ದೇನೆ.

ನಮ್ಮ ದೊರೆಯನ್ನು ತಾವು ಬಲ್ಲಿರಿ. ಹೆಸರಿಗೆ ದೊರೆ, ತೂಕ ಎರಡು ಕೆಜಿ. ನನ್ನ ಒಂದೂವರೆ ವರ್ಷದ ಮಗಳ ಚಪ್ಪಲಿ ಕಂಡರೂ ಹೆದರುವ ನಾಯಿಮರಿ. ಊಟವಾದ ಮೇಲೆ ಮಂಕಾಗಿ ಗೋಡೆಗೆ ಹಣೆ ಒತ್ತಿಕೊಂಡು ನಿಲ್ಲುತ್ತಾನೆಂದು ನಾನು ಹೇಳಿದಾಗ, ಇಂಥ ಪುಟ್ಟ ತಳಿಗಳಲ್ಲಿ ಕೆಲವೊಮ್ಮೆ ಹುಟ್ಟಿನಿಂದಲೇ ರಕ್ತವು ಲಿವರಿನೊಳಗೆ ಹೋಗದೆ ಪಕ್ಕದ ದಾರಿ ಹಿಡಿದುಬಿಡುತ್ತದೆಂದು ತಾವು ತಾಳ್ಮೆಯಿಂದ ವಿವರಿಸಿದಿರಿ. ಯಾವ ಪರೀಕ್ಷೆ ಮಾಡಿಸಬೇಕೆಂಬ ಆಯ್ಕೆಯನ್ನು ಉದಾರವಾಗಿ ನನಗೇ ಬಿಟ್ಟಿರಿ. ಮಗುವಿಗೆ ಯಾವ ಟೋಪಿ ಹಾಕಲೆಂದು ಅರ್ಧ ಗಂಟೆ ಒದ್ದಾಡುವವಳಿಗೆ ಇಂಥ ಗೌರವವನ್ನು ಈವರೆಗೆ ಯಾರೂ ಕೊಟ್ಟಿರಲಿಲ್ಲ.

ಪದವೀಧರೆಯಾದ ನಾನು ಮಗುವನ್ನು ಭುಜದ ಮೇಲೆ ತಟ್ಟುತ್ತಾ ಮೊಬೈಲಿನಲ್ಲಿ ಅಧ್ಯಯನ ನಡೆಸಿದೆ. ಮಾಮೂಲಿ ಲಿವರ್ ಟೆಸ್ಟು ಎಲ್ಲ ಸರಿಯಿದೆಯೆಂದು ಸುಳ್ಳು ಸಮಾಧಾನ ಹೇಳಬಹುದು. ಅಮೋನಿಯಾ ಟೆಸ್ಟಿಗೆ ತೆಗೆದ ರಕ್ತವನ್ನು ಕೂಡಲೇ ಯಂತ್ರಕ್ಕೆ ಹಾಕಬೇಕು, ಆ ಯಂತ್ರ ತಮ್ಮಲ್ಲಿಲ್ಲ. ಸ್ಕ್ಯಾನಿಗೆ ಅಲ್ಲಾಡದೆ ಮಲಗಬೇಕು, ಆ ಗುಣ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಕೊನೆಗೆ, ಲಿವರು ರಕ್ತದಿಂದ ಪಿತ್ತವನ್ನು ಸೋಸುತ್ತಿದೆಯೋ ಇಲ್ಲವೋ ಎಂದು ತೋರಿಸುವ ಪಿತ್ತಾಮ್ಲದ ಪರೀಕ್ಷೆಯನ್ನು ಆರಿಸಿದೆ: ಹಸಿದಿರುವಾಗ ಒಮ್ಮೆ, ಉಣಿಸಿ ಎರಡು ಗಂಟೆ ಬಿಟ್ಟು ಇನ್ನೊಮ್ಮೆ ರಕ್ತ ತೆಗೆಯುವುದು. ತಾವು ಮೆಚ್ಚಿ, "ಸರಿ ಹಾಗಾದ್ರೆ, ಬೆಳಿಗ್ಗೆ ಖಾಲಿ ಹೊಟ್ಟೇಲಿ ಬನ್ನಿ" ಎಂದಿರಿ.

ಬಂದೆ. ಹನಿ ನೀರೂ ಮುಟ್ಟದೆ, ಕಣ್ಣು ಕತ್ತಲೆಗಟ್ಟಿ, ನಾನು ಬಂದೆ. ದಾರಿಯಲ್ಲಿ ಸುಸ್ತಾದೀತೆಂದು ದೊರೆಗೆ ಮಾತ್ರ ಹೊಟ್ಟೆ ಬಿರಿಯುವಷ್ಟು ತಿನ್ನಿಸಿ ತಂದೆ. ತಮ್ಮ ಕಾಂಪೌಂಡರ್ ನಗು ತಡೆಯಲಾರದೆ ಹತ್ತಿಯ ಡಬ್ಬಿಯಲ್ಲಿ ಏನನ್ನೋ ಬಹಳ ಹೊತ್ತು ಹುಡುಕಿದರು. ಮನೆಯಲ್ಲಿ ಅತ್ತೆಯವರು, "ಅಲ್ಲಮ್ಮಾ, ಟೆಸ್ಟು ನಾಯಿಗೆ, ಉಪವಾಸ ನಿನಗಾ? ರಕ್ತಾನೂ ನೀನೇ ಕೊಟ್ಟು ಬರ್ಬೇಕಿತ್ತು!" ಎಂದು ಫೋನಿನಲ್ಲಿದ್ದ ನಾದಿನಿಗೂ ಕೇಳುವಂತೆ ಹೇಳಿದರು. ದೊರೆಯ ಪಿತ್ತ ಅಳೆಯಲಾಗದಿದ್ದರೂ ನನ್ನ ಪಿತ್ತ ನೆತ್ತಿಗೇರಿದ್ದು ಎಲ್ಲರಿಗೂ ಕಂಡಿತು.

ಆದಕಾರಣ, ಬೆಳಿಗ್ಗೆಯ ಎರಡನೇ ಪ್ರಯತ್ನಕ್ಕಾಗಿ ಈ ಸಲ ರಾತ್ರಿ ನಾನು ಗಡದ್ದಾಗಿ ಉಂಡು, ದೊರೆಯ ತಟ್ಟೆ ಎತ್ತಿಟ್ಟು, ಅವನನ್ನು ಅಡುಗೆಮನೆಯಲ್ಲಿ ಕೂಡಿಹಾಕಿ ಚಿಲಕ ಜಡಿದೆ. ಅಲ್ಲಿರುವ ಮಗಳ ಊಟದ ಕುರ್ಚಿಯ ಸಂದಿಯಲ್ಲಿ ಅವಳ ಬಿಸ್ಕತ್ತಿನ ಉಗ್ರಾಣವೇ ಇದೆಯೆಂದು ದೊರೆಗೆ ಗೊತ್ತಿತ್ತು, ಪದವೀಧರೆಗೆ ಗೊತ್ತಿರಲಿಲ್ಲ.

ಆದ್ದರಿಂದ, ಇನ್ನು ಮುಂದೆ ವಿದ್ಯಾವಂತ ತಾಯಂದಿರಿಗೆ ಸೂಚನೆ ಕೊಡುವಾಗ ವಾಕ್ಯದ ಕರ್ತೃಪದವನ್ನು ಎರಡು ಸಲ ಹೇಳಬೇಕೆಂದೂ, ನಾಯಿಗೂ ಅದನ್ನು ಓದಿ ಹೇಳಿ ಪಂಜದ ಗುರುತು ಹಾಕಿಸಿಕೊಳ್ಳಬೇಕೆಂದೂ, ಸಾಧ್ಯವಾದರೆ ಲಿವರೇ ಬಾಗಿಲಿಗೆ ಬಂದು "ನಾನು ಚೆನ್ನಾಗಿದ್ದೀನಿ, ನೀವು ಮಲಗಿ" ಎನ್ನುವಂಥ ಒಂದು ಪರೀಕ್ಷೆಯನ್ನು ಕಂಡುಹಿಡಿಯಬೇಕೆಂದೂ ವಿನಂತಿ.

ತಮ್ಮ ವಿಶ್ವಾಸಿ,
ಹೊಟ್ಟೆ ತುಂಬಿದ ನಾಯಿಯ ನಿದ್ದೆಗೆಟ್ಟ ಒಡತಿ

ವಿ.ಸೂ.: ತಮ್ಮ ಫಲಕದಲ್ಲಿ "ತುರ್ತು ಕರೆಗೆ ಸದಾ ಸಿದ್ಧ" ಎಂಬುದರ ಕೆಳಗಿರುವ ನಂಬರು ಪಕ್ಕದ ಔಷಧಿ ಅಂಗಡಿಯವರದೆಂದು ಈಗಷ್ಟೇ ಅವರಿಂದ ಬೈಸಿಕೊಂಡು ತಿಳಿದೆ. ಒಂದೂವರೆ ಬಿಸ್ಕತ್ತು ಊಟದ ಲೆಕ್ಕಕ್ಕೆ ಬರುತ್ತದೆಯೇ? ಬೆಳಿಗ್ಗೆ ಅವನನ್ನು ಕರೆತರಲೋ ಬೇಡವೋ? ದೊರೆ ಮತ್ತೆ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದಾನೆ. ನಾನೂ ಪಕ್ಕದಲ್ಲೇ ಕೂತಿದ್ದೇನೆ. ಬೆಳಗಾಗೋದ್ರೊಳಗೆ ಒಂದು ಫೋನ್ ಮಾಡಿ ಡಾಕ್ಟ್ರೇ, ಬೈಯೋದಕ್ಕಾದ್ರೂ ಸರಿ.