ಹಿತ್ತಿಲಿನ ನೆರಳು ಗಡಿಯಾರ

ಬೇರೆಯವರ ತಪ್ಪು ಕಂಡರೆ ನನಗೆ ಒಂಥರಾ ಉಲ್ಲಾಸ. ಕುಮಟೆಯ ಶಾಲೆಯಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೂ ಈ ಚಾಳಿ ಬಿಟ್ಟಿಲ್ಲ. ಮದುವೆ ಕಾಗದ ಬಂದರೆ ಮುಹೂರ್ತಕ್ಕಿಂತ ಮೊದಲು ಕಾಗುಣಿತ ನೋಡುತ್ತೇನೆ. ಹಾಗಾಗಿ ಹಿತ್ತಿಲಿನಲ್ಲಿ ಕೂರಿಸಿದ ಹೊಸ ನೆರಳು ಗಡಿಯಾರ ಮೊದಲ ದಿನವೇ ಅರ್ಧ ಗಂಟೆ ಹಿಂದೆ ತೋರಿಸಿದಾಗ ಬೇಸರಕ್ಕಿಂತ ಖುಷಿಯೇ ಹೆಚ್ಚಾಯಿತು. ಅದನ್ನು ಮಾಡಿಕೊಟ್ಟವರು ಹೊನ್ನಾವರದ ಕಡೆಯ ಗಣಪಣ್ಣ. ತುಳಸಿಕಟ್ಟೆ, ಒರಳು ಕೆತ್ತುವವರು. ನಕ್ಷೆ ಕೊಟ್ಟವಳು ನಾನೇ, ಇಂಟರ್ನೆಟ್ಟಿನಿಂದ ತೆಗೆದು. ಆದರೂ ಸಂಜೆಯೊಳಗೆ ಕೇರಿಗೆಲ್ಲ ಹೇಳಿ ಮುಗಿಸಿದ್ದೆ: “ಗಣಪಣ್ಣನ ಕಲ್ಲು ತಪ್ಪು.”

ಮೂರನೆಯ ದಿನ ಬೆಳಿಗ್ಗೆ ಗಣಪಣ್ಣ ಚೀಲ ಹಿಡಿದು ಬಂದರು.

“ಅಕ್ಕೋರೆ, ಆಚೆಮನೆ ಶಾಂತಕ್ಕ ತುಳಸಿಕಟ್ಟೆ ಬ್ಯಾಡ ಅಂದ್ರು. ಎಂತ ತಪ್ಪು, ತೋರ್ಸಿ. ತಪ್ಪಿದ್ರೆ ಹೊಸ ಕಲ್ಲು ನಾ ಕೊಡ್ತೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಕಲ್ಲಿನ ಮೇಲೆ ರಸಮಟ್ಟ ಇಟ್ಟರು. ಗುಳ್ಳೆ ನಡುವೆ ನಿಂತಿತು. ನಾನು ಕೋನಮಾಪಕ ತಂದು, ನೆರಳು ಬೀಳಿಸುವ ಹಿತ್ತಾಳೆಯ ಓರೆ ಮುಳ್ಳನ್ನು ಅಳೆದೆ. ಇರಬೇಕಾದ್ದು ನಮ್ಮೂರಿನ ಅಕ್ಷಾಂಶದಷ್ಟು; ಇದ್ದದ್ದೂ ಅಷ್ಟೇ, ಹದಿನಾಲ್ಕು ಡಿಗ್ರಿ. ಮಧ್ಯಾಹ್ನದ ಗೆರೆಗಳು ಒತ್ತೊತ್ತಾಗಿ, ಬೆಳಗಿನವು ದೂರದೂರ ಇದ್ದದ್ದರ ಮೇಲೆ ನನಗೆ ಗುಮಾನಿಯಿತ್ತು. ನಕ್ಷೆಯಲ್ಲೂ ಹಾಗೇ ಇತ್ತು.

“ಉತ್ತರ ದಿಕ್ಕು?” ಎಂದೆ, ಕೊನೆಯ ಆಸೆಯಿಂದ.

ಗಣಪಣ್ಣ ಕಲ್ಲಿನ ಪಕ್ಕದಲ್ಲೇ ಒಂದು ಗೂಟ ನೆಟ್ಟಗೆ ನೆಟ್ಟು ಸುತ್ತ ವೃತ್ತ ಎಳೆದರು. ಗುಡಿಯ ಪಾಯಕ್ಕೆ ಅವರಪ್ಪ ದಿಕ್ಕು ನೋಡುತ್ತಿದ್ದ ಕ್ರಮವಂತೆ. ಬೆಳಿಗ್ಗೆ ನೆರಳಿನ ತುದಿ ವೃತ್ತ ಮುಟ್ಟಿದಲ್ಲಿ ಒಂದು ಹುಣಸೆಬೀಜ, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದಲ್ಲಿ ಇನ್ನೊಂದು. ಗೂಟದಿಂದ ಎರಡರ ನಟ್ಟನಡುವಿಗೆ ಗೆರೆ ಎಳೆದರೆ ಅದೇ ಉತ್ತರ. ಅಷ್ಟು ಹೊತ್ತೂ ನಾವಿಬ್ಬರೂ ಹಿತ್ತಿಲ ಜಗಲಿಯಲ್ಲಿ ಕೂತು ನೆರಳು ಕಾದೆವು. ಒಲೆಯ ಮೇಲಿದ್ದ ಅನ್ನ ಸೀದದ್ದೂ ಗೊತ್ತಾಗಲಿಲ್ಲ. ಗೂಟದ ನೆರಳು ಅತಿ ಗಿಡ್ಡವಾದಾಗ ಕಲ್ಲು ಸರಿಯಾಗಿ ಹನ್ನೆರಡು ತೋರಿಸಿತು. ಫೋನು ಹನ್ನೆರಡೂವರೆ ದಾಟಿತ್ತು. ಆಮೇಲೆ ಗೂಟದಿಂದ ಬೀಜಗಳ ನಟ್ಟನಡುವಿಗೆ ಎಳೆದ ಗೆರೆಯೂ ಮುಳ್ಳಿನ ದಿಕ್ಕಿಗೇ ಇತ್ತು.

“ಅಕ್ಕೋರೆ, ಸೂರ್ಯನೇ ತಡ ಮಾಡಿ ಬಂದ್ರೆ ನಾ ಎಂತ ಮಾಡ್ಲಿ?”

ಆಗ ಹೊಳೆಯಿತು. ದೇಶದ ಗಡಿಯಾರ ನಡೆಯುವುದು ಪೂರ್ವದ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಅಲ್ಲಿಂದ ಸೂರ್ಯ ಪಡುಗಡಲ ದಂಡೆಯ ನಮ್ಮೂರಿಗೆ ಬರಲು ಅರ್ಧ ಗಂಟೆ ಬೇಕು. ಪ್ರತಿ ವರ್ಷವೂ ನಾನು ಕೇಳುತ್ತಿದ್ದ ಒಂದು ಅಂಕದ ಪ್ರಶ್ನೆ ಅದು!

ಗಣಪಣ್ಣನ ಕ್ಷಮೆ ಕೇಳಿದೆ. “ಆತು ಬಿಡ್ರಿ,” ಎಂದರು, “ಶಾಂತಕ್ಕಗೆ ಒಂದ್ಮಾತು ಹೇಳಿ.”

ತಪ್ಪು ಎನ್ನಲು ಒಂದು ಮಾತು ಸಾಕಾಗಿತ್ತು. ಸರಿ ಎನ್ನಲು ಒಂದು ತೆಂಗಿನಕಾಯಿ, ಟಾರ್ಚು, ಮುಕ್ಕಾಲು ಗಂಟೆ ಬೇಕಾಯಿತು. ಕಾಯಿ ತಿರುಗಿಸಿ ತಿರುಗಿಸಿ ರೇಖಾಂಶ ವಿವರಿಸಿದೆ. ಶಾಂತಕ್ಕ ತಾಳ್ಮೆಯಿಂದ ಕೇಳಿ, ತುಳಸಿಕಟ್ಟೆ ಮಾಡಿಸಲು ಒಪ್ಪಿದರು. ನಾನು ಗೇಟು ದಾಟುವುದರೊಳಗೆ ಅವರು ಆಚೆ ಬದಿಯ ಮನೆಯವರಿಗೆ ಕೂಗಿ ಹೇಳುತ್ತಿದ್ದರು:

“ಕಲ್ಲು ಸಮಾ ಇದ್ಯಂತೆ ಮಾರಾಯ್ತಿ! ನಮ್ಮ ಅಕ್ಕೋರೇ ಅರ್ಧ ಗಂಟೆ ಹಿಂದಂತೆ.”