ಹರತಾಳದ ದಿನ ನಾಲ್ಕು ಸಿನಿಮಾ

ನಮ್ಮ ಕಡೆ ಹರತಾಳವೆಂದರೆ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಬಸ್ಸಿಲ್ಲ, ಅಂಗಡಿಯಿಲ್ಲ, ಶಾಲೆಯಿಲ್ಲ. ಯಾರು ಕರೆ ಕೊಟ್ಟರು, ಯಾಕೆ ಕೊಟ್ಟರು ಎಂದು ವಿಚಾರಿಸುವಷ್ಟು ಕೆಟ್ಟ ಬುದ್ಧಿ ನನ್ನಂಥ ಶಾಲಾ ಮಾಸ್ತರನಿಗೆ ಇರುವುದಿಲ್ಲ. ಸೀಡಿ ಅಂಗಡಿಗಳು ಇನ್ನೂ ಜೀವಂತವಾಗಿದ್ದ ಕಾಲ ಅದು. ನಾಳೆ ಹರತಾಳ ಎಂಬ ಸುದ್ದಿ ಸ್ಟಾಫ್ ರೂಮಿಗೆ ಬಂದ ಕೂಡಲೇ ನಾನೊಂದು ಐತಿಹಾಸಿಕ ನಿರ್ಧಾರ ಕೈಗೊಂಡೆ. ಮನೆಯಲ್ಲೇ ಕುಳಿತು, ಒಂದೇ ದಿನದಲ್ಲಿ, ಒಂದರ ಬೆನ್ನಿಗೆ ಒಂದರಂತೆ ನಾಲ್ಕು ಸಿನಿಮಾ ನೋಡುವುದು!

ಇದೆಲ್ಲ ನನ್ನ ಹೆಂಡತಿ ರೇವತಿಗಾಗಿ. ಮದುವೆಯಾಗಿ ಒಂಬತ್ತು ವರ್ಷವಾದರೂ ಅವಳು ನನ್ನೊಂದಿಗೆ ಒಂದು ಸಿನಿಮಾವನ್ನೂ ಕೊನೆಯವರೆಗೆ ನೋಡಿರಲಿಲ್ಲ. ಮಂಗಳೂರಿನ ಟಾಕೀಸಿಗೆ ಹೋದಾಗಲೆಲ್ಲ, ಹೊಸಂಗಡಿಯಿಂದ ನಮ್ಮೂರಿಗಿರುವ ಕೊನೆಯ ಬಸ್ಸು ತಪ್ಪುತ್ತದೆಂದು ನಾನು ಅವಳನ್ನು ಅರ್ಧದಲ್ಲೇ ಎಬ್ಬಿಸಿಕೊಂಡು ಬರುತ್ತಿದ್ದೆ. ನಾಯಕಿ ಬದುಕಿದಳೋ ಸತ್ತಳೋ ಎಂಬುದನ್ನು ನಾವಿಬ್ಬರೇ ಬಸ್ಸಿನಲ್ಲಿ ಚರ್ಚಿಸಿ ತೀರ್ಮಾನಿಸಬೇಕಿತ್ತು. ನಾಳೆ ನೀನು ಅಡುಗೆಮನೆಗೆ ಕಾಲಿಡಬಾರದು, ಅಡುಗೆ ನನ್ನದು, ಸಿನಿಮಾ ನಿನ್ನದು ಎಂದು ನಾನು ಘೋಷಿಸಿದಾಗ ಅವಳು ನನ್ನ ಹಣೆ ಮುಟ್ಟಿ ನೋಡಿದಳು.

"ನಿಮಗೆ ಎಂತ ಆಗಿದೆ?" ಎಂದಳು.

ಸಂಜೆ ಹೊಸಂಗಡಿಯ ಸೀಡಿ ಅಂಗಡಿಯಲ್ಲಿ ರೇಶನ್ ಅಂಗಡಿಯ ನೂಕುನುಗ್ಗಲು. ನನ್ನಂಥ ದೂರದೃಷ್ಟಿಯವರು ಊರು ತುಂಬ ಇದ್ದರು. ಅಂಗಡಿಯ ಹರೀಶ ತಲೆ ಎತ್ತದೆಯೇ ನಾಲ್ಕು ಕವರುಗಳಿಗೆ ನಾಲ್ಕು ಡಿಸ್ಕ್ ತುರುಕಿ ಕೊಟ್ಟ. ಒಂದು ಹಾಸ್ಯ, ಒಂದು ದೆವ್ವ, ಎರಡು ಅಳುವಂಥವು. ಮನೆಗೆ ಬಂದು ಪಿರಿಯಡ್ ಪ್ರಕಾರ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಊಟಕ್ಕೆ ಇಪ್ಪತ್ತು ನಿಮಿಷ ಇಟ್ಟಿದ್ದೆ.

ಬೆಳಿಗ್ಗೆ ಒಂಬತ್ತಕ್ಕೆ ಹದಿನೈದು ನಿಮಿಷವಿರುವಾಗ ಪರೀಕ್ಷಾರ್ಥವಾಗಿ ಪ್ಲೇಯರಿನ ಗುಂಡಿ ಒತ್ತಿದೆ. ಟ್ರೇ ಹೊರಗೆ ಬರಲಿಲ್ಲ. ರೇವತಿ, ಸ್ವಲ್ಪ ಹೊತ್ತು ಆರಿಸಿ ಇಡಿ, ತಾನಾಗಿ ಬರ್ತದೆ ಎಂದಳು. ಯಂತ್ರದ ವಿಷಯದಲ್ಲಿ ಹೆಂಡತಿಯ ಮಾತು ಕೇಳುವ ಪದ್ಧತಿ ನನ್ನಲ್ಲಿಲ್ಲ. ಚಾಕು ತಂದು ಸಂದಿಗೆ ಹಾಕಿ ಮೀಟಿದೆ. ಟ್ರೇ ಬಂತು. ಪೂರ್ತಿಯಾಗಿ ನನ್ನ ಕೈಗೇ ಬಂತು.

ಪಕ್ಕದ ಮನೆಯ ಗಿರಿಜಕ್ಕನಲ್ಲಿ ಮಗ ಗಲ್ಫಿನಿಂದ ಕಳುಹಿಸಿದ ಪ್ಲೇಯರ್ ಇತ್ತು. ಕೇಳಿದ ಕೂಡಲೇ ಒಪ್ಪಿದರು. ಆದರೆ ಅದನ್ನು ಬೇರೆಯವರ ಕೈಗೆ ಕೊಡಬಾರದೆಂದು ಮಗನ ಕಟ್ಟಪ್ಪಣೆಯಂತೆ. ಹಾಗಾಗಿ ಪ್ಲೇಯರಿನ ಜೊತೆಗೆ ಗಿರಿಜಕ್ಕ ಬಂದರು, ಗಿರಿಜಕ್ಕನ ಜೊತೆಗೆ ಅವರ ಅತ್ತೆ ಬಂದರು, ಮನೆಯಲ್ಲಿ ಕೂತು ಎಂತ ಮಾಡುವುದೆಂದು ಇಬ್ಬರು ನಾದಿನಿಯರೂ ಬಂದರು. ನಾನು ಅಕ್ಕಿಯ ಪಾತ್ರೆ ಬದಲಾಯಿಸಿದೆ.

ಹಾಸ್ಯಚಿತ್ರ ಗಿರಿಜಕ್ಕ ಮೊದಲೇ ನೋಡಿದ್ದು. ಈಗ ಅವ ಬಾವಿಗೆ ಬೀಳ್ತಾನೆ ಎನ್ನುವರು, ಅವನು ಬೀಳುವನು. ನಗುವವರು ಯಾರೂ ಇಲ್ಲ. ಮುಕ್ಕಾಲು ಗಂಟೆಯಾದಾಗ ನಾಯಕನ ಮುಖ ಚೌಕ ಚೌಕವಾಗಿ ಒಡೆದು ನಿಂತೇಬಿಟ್ಟಿತು. ಡಿಸ್ಕಿನಲ್ಲಿ ಧೂಳು ಎಂದು ರೋಗನಿದಾನ ಮಾಡಿ, ಅದನ್ನು ಅಡುಗೆಮನೆಗೆ ಒಯ್ದು, ಪಾತ್ರೆ ತಿಕ್ಕುವ ನಾರಿನಿಂದ ಚೆನ್ನಾಗಿ ತಿಕ್ಕಿ ತೊಳೆದು ತಂದೆ. ಫಳಫಳ ಹೊಳೆಯುತ್ತಿತ್ತು. ಅದು ಡಿಸ್ಕ್ ಎಂದು ಒಪ್ಪಲು ಆಮೇಲೆ ಪ್ಲೇಯರ್ ತಯಾರಿರಲಿಲ್ಲ.

ಎರಡನೆಯ ಪಿರಿಯಡ್, ದೆವ್ವ. ಹಾಕಿದರೆ ನಾಗಸ್ವರ ಕೇಳಿಸಿತು. ಪರದೆಯ ಮೇಲೆ ಹೂಮಾಲೆ, ಅದರ ನಡುವೆ 'ಶುಭವಿವಾಹ' ಎಂಬ ಅಕ್ಷರ. ಹರೀಶ ಮದುವೆಗಳ ವೀಡಿಯೊ ಕೂಡ ತೆಗೆಯುವವ. ಗಡಿಬಿಡಿಯಲ್ಲಿ ಅಂಥದ್ದೊಂದನ್ನು ತುರುಕಿದ್ದ. ಸಿಟ್ಟಿನಿಂದ ತೆಗೆಯಲು ಹೋದೆ.

"ಇರಲಿ ಮಾಷ್ಟ್ರೇ, ಇದೇ ಲಾಯ್ಕುಂಟು" ಎಂದರು ಗಿರಿಜಕ್ಕ.

ಹಾಸ್ಯಕ್ಕೆ ನಗದಿದ್ದ ಐದೂ ಮಂದಿ ಮುಂದಕ್ಕೆ ಸರಿದು ಕುಳಿತರು. ಮದುಮಗಳ ಸೀರೆ, ಅತ್ತೆಯ ಬಳೆ, ಮಂಟಪದ ಹೂವು, ಎಲ್ಲದರ ಮೇಲೂ ಗಂಭೀರ ಚರ್ಚೆ. ನಾನು ಒಲೆಯ ಮುಂದೆ ನಿಂತು ಸಾಂಬಾರು ಕದಡುತ್ತಿದ್ದೆ. ಆಗ ಗಿರಿಜಕ್ಕನ ಅತ್ತೆ, ಇದು ಅಡೂರಿನ ಮದುವೆ, ಹುಡುಗನ ಅಪ್ಪನ ಗುರ್ತ ಉಂಟು ಎಂದದ್ದು ಕೇಳಿಸಿತು. ನನ್ನ ಸೌಟು ನಿಂತಿತು.

ಕಾರಣವಿತ್ತು. ಎರಡು ತಿಂಗಳ ಹಿಂದೆ ಒಂದು ಶನಿವಾರ ಕುಂಬ್ಡಾಜೆಯಲ್ಲಿ ರೇವತಿಯ ಅಣ್ಣನ ಗೃಹಪ್ರವೇಶ. ಅಧ್ಯಾಪಕರ ಕ್ಲಸ್ಟರ್ ತರಬೇತಿ ಇದೆ, ತಪ್ಪಿಸುವಂತಿಲ್ಲ ಎಂದು ನಾನು ಅವಳೊಬ್ಬಳನ್ನೇ ಕಳುಹಿಸಿದ್ದೆ. ಅಣ್ಣ ಬೇಸರ ಮಾಡಿಕೊಂಡಾಗ ಅವಳು ನನ್ನ ಪರವಾಗಿ ಅವನೊಡನೆ ಜಗಳವಾಡಿ, ಅತ್ತು ಬಂದಿದ್ದಳು. ನಾನು ಆ ದಿನ ಸಹೋದ್ಯೋಗಿ ಸುಬ್ಬಣ್ಣನ ಹಿಂದೆ ಬೈಕಿನಲ್ಲಿ ಕುಳಿತು ಅಡೂರಿನ ಒಂದು ಮದುವೆಗೆ ಹೋಗಿದ್ದೆ. ಅಲ್ಲಿ ಹೋಳಿಗೆ ಊಟ ಎಂದು ಅವನು ಹೇಳಿದ್ದ.

ಪ್ಲೇಯರ್ ಬಿಸಿಯಾಗಿದೆ, ಆರಿಸಬೇಕು ಎನ್ನುತ್ತ ಸೌಟಿನೊಂದಿಗೆ ಹೊರಗೆ ಓಡಿದೆ. ತಡವಾಗಿತ್ತು. ಪಂಕ್ತಿ ಶುರುವಾಗಿತ್ತು. ಕ್ಯಾಮರಾ ಎಲೆಯಿಂದ ಎಲೆಗೆ ಸರಿಯುತ್ತ ಬಂದು ಒಬ್ಬನ ಮುಂದೆ ನಿಂತಿತು. ಅವನು ಎಡಗೈಯಿಂದ ಬೇಡ ಎನ್ನುತ್ತ ಬಲಗೈಯಿಂದ ಎಲೆಯಲ್ಲಿ ಜಾಗ ಮಾಡಿಕೊಡುತ್ತಿದ್ದ. ಎರಡು ಹೋಳಿಗೆ ಬಿತ್ತು. ಮತ್ತೆ ಎರಡು. ಕಾಯಿಹಾಲು ಗಲ್ಲದಿಂದ ಇಳಿಯಿತು.

"ಇದು ಮಾಷ್ಟ್ರಲ್ಲವಾ?" ಎಂದರು ಗಿರಿಜಕ್ಕ.

ರೇವತಿ ರಿಮೋಟ್ ತೆಗೆದುಕೊಂಡು, ನನ್ನ ಬಾಯಿ ಪೂರ್ತಿ ತೆರೆದಿದ್ದ ಕ್ಷಣಕ್ಕೆ ಸರಿಯಾಗಿ ನಿಲ್ಲಿಸಿದಳು. ಪರದೆಯ ಮೂಲೆಯಲ್ಲಿ ತಾರೀಕು ಇತ್ತು. ಅದನ್ನು ಅವಳು ನಿಧಾನವಾಗಿ ಓದಿದಳು.

"ತರಬೇತಿ ಲಾಯ್ಕ ಆಗಿದೆ" ಎಂದಳು. ಅಷ್ಟೆ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಅಳುವ ಎರಡು ಚಿತ್ರಗಳನ್ನು ಅವರೆಲ್ಲ ಕೊನೆಯ ಅಕ್ಷರದವರೆಗೂ ನೋಡಿದರು. ರೇವತಿ ಧಾರಾಳವಾಗಿ ಅತ್ತಳು. ಸಿನಿಮಾಕ್ಕೋ ನನಗೋ ಎಂದು ಕೇಳುವ ಧೈರ್ಯವಾಗಲಿಲ್ಲ. ನಾನು ಐದು ಮಂದಿಗೆ ಬಡಿಸಿ, ಪಾತ್ರೆ ತೊಳೆದು, ಅಡುಗೆಮನೆಯಿಂದಲೇ ಎರಡು ಕ್ಲೈಮಾಕ್ಸ್ ಕೇಳಿಸಿಕೊಂಡೆ. ಸಂಜೆ ಅವಳ ಎದುರಿನಲ್ಲೇ ಭಾವನಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ. ಭಾವ ಬಹಳ ಹೊತ್ತು ನಕ್ಕ. ಅವಳು ನಗಲಿಲ್ಲ.

ಮರುದಿನ ಆ ಡಿಸ್ಕನ್ನು ಹರೀಶನ ಮೇಜಿನ ಮೇಲೆ ಎಸೆದು, ಸಂಸಾರಸ್ಥರ ಮನೆಗೆ ಇಂಥದ್ದನ್ನು ಕೊಡುವುದಾ ಎಂದು ಜೋರು ಮಾಡಿದೆ. ಅವನು ಡಿಸ್ಕ್ ನೋಡಿದ, ನನ್ನನ್ನು ನೋಡಿದ, ಪುನಃ ಡಿಸ್ಕ್ ನೋಡಿದ. ಅವನ ಮುಖ ಅರಳಿತು.

"ಓ, ಅದು ನೀವಾ ಮಾಷ್ಟ್ರೇ? ಇದು ಹಳೆಯ ಪ್ರತಿ. ಹೋಳಿಗೆ ತಿನ್ನುವ ಈ ಜನ ಯಾರೂಂತ ನಮಗೆ ಗೊತ್ತಿಲ್ಲ, ತೆಗೀರಿ ಅಂತ ಮದುಮಗನ ಅಪ್ಪ ವಾಪಸ್ ಕಳಿಸಿದ್ದರು. ಹೊಸದರಲ್ಲಿ ನೀವು ಇಲ್ಲ."