ಆರತಿಯ ಹೊತ್ತಿಗೆ ಅಪ್‌ಡೇಟ್

ರೈಲ್ವೆ ನೌಕರಿಯ ರಾಜಗೋಪಾಲರಾಯರಿಗೆ ಹುಷಾರು ಜಾಸ್ತಿ. ಅದೇ ಎಡವಟ್ಟಿಗೆ ಕಾರಣವಾಯಿತು. ಅಂದು ಸಂಜೆ ಧಾರವಾಡದ ಬೀಗರ ಮನೆಯಲ್ಲಿ ಮೊಮ್ಮಗಳು ಪೂರ್ವಿಯ ಮೊದಲ ಹುಟ್ಟುಹಬ್ಬದ ಆರತಿ. ರಜೆ ಸಿಗದೆ ಕೋಲ್ಕತ್ತದಲ್ಲೇ ಉಳಿದ ಅಜ್ಜ-ಅಜ್ಜಿ ಅದನ್ನು ಕಂಪ್ಯೂಟರಿನಲ್ಲೇ ಕಣ್ತುಂಬಿಕೊಳ್ಳಬೇಕಿತ್ತು. ಬೆಳಗ್ಗೆ ನೋಡಿದರೆ ತೆರೆಯ ಮೂಲೆಯಲ್ಲಿ ಒಂದು ಕೆಂಪು ಗುರುತು: ಅಪ್‌ಡೇಟ್‌ಗಳು ಬಂದಿವೆ!

ರಾಯರ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಟ್ಟವನು ಮೇಲಿನ ಮನೆಯ ಯಶವಂತ, ಅಲ್ಲೇ ಕಸ್ಬಾ ಬಡಾವಣೆಯ ಐಟಿ ಕಂಪನಿಯಲ್ಲಿರುವ ಬೆಂಗಳೂರು ಹುಡುಗ. ರಾಯರು ಅವನನ್ನೇ ಕೇಳಿದರು.

"ಇವತ್ತೇ ಯಾಕೆ ಸಾರ್? ನಾಳೆ ಮಾಡಿದ್ರಾಯ್ತು."

"ರಿಪೇರಿ ಬಾಕಿ ಇರೋ ಗಾಡೀನ ಲೈನಿಗೆ ಬಿಡೋಕಾಗುತ್ತೇನಪ್ಪಾ?"

"ಸರಿ, ಮೊದಲು ಫೋಟೋಗೀಟೋ ಸೀಡಿಗೆ ಕಾಪಿ ಮಾಡ್ಕೊಳ್ಳಿ. ಆಮೇಲೆ ಅದರ ಪಾಡಿಗೆ ಅದು ನಡೀತಿರುತ್ತೆ, ನಿಮ್ಮ ಕೆಲಸ ನೀವು ಮಾಡ್ಕೋಬಹುದು. ಮಧ್ಯದಲ್ಲಿ ಮಾತ್ರ ಆಫ್ ಮಾಡ್ಬೇಡಿ. ಮುಗಿದ್ಮೇಲೆ ರೀಸ್ಟಾರ್ಟ್ ಕೇಳಿದ್ರೆ ಮಾಡಿ."

ರಾಯರ ತಲೆಯಲ್ಲಿ ಉಳಿದದ್ದು 'ಆಫ್ ಮಾಡ್ಬೇಡಿ' ಒಂದೇ. ಕಾಪಿ ಮಾಡಿ, ಅಪ್‌ಡೇಟ್ ಶುರುಮಾಡಿ, ಪ್ಲಗ್ಗಿನ ಮುಂದೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು.

"ಏಳ್ರೀ, ಮಿಕ್ಸಿ ಹಾಕ್ಬೇಕು," ಎಂದು ಹೆಂಡತಿ ವಸುಂಧರಾ ಬಂದರು.

"ಇವತ್ತು ಚಟ್ನಿಪುಡೀಲೇ ತಿನ್ನೋಣ ಕಣೇ."

ಅಷ್ಟರಲ್ಲಿ ಎದುರುಮನೆಯ ಬಿಸ್ವಾಸ್ ಬಾಬು ಬಂದರು. ತೆರೆಯ ಮೇಲೆ ಸರಸರ ಓಡುತ್ತಿದ್ದ ಸಾಲುಗಳನ್ನು ಕಂಡು, "ದಾದಾ, ಯೇ ತೋ ವೈರಸ್ ಹೈ!" ಎಂದು ಕೂಗಿ ಸ್ವಿಚ್ಚಿಗೆ ಕೈ ಹಾಕಿದರು. ರಾಯರು ಅವರನ್ನು ಹಿಂದಿನಿಂದ ಗಟ್ಟಿಯಾಗಿ ಅಪ್ಪಿ ಹಿಡಿದರು. ಪ್ರೀತಿಯೆಂದುಕೊಂಡ ಬಾಬು ಚಹಾಕ್ಕೆ ಕೂತೇಬಿಟ್ಟರು.

ಚಹಾ ಬರುವ ಮೊದಲೇ ಕರೆಂಟು ಹೋಯಿತು. ಯುಪಿಎಸ್ ಹಸಿದ ಕೂಸಿನಂತೆ ಕಿರುಚತೊಡಗಿತು. ರಾಯರು ಕಣ್ಣುಮುಚ್ಚಿ ಕಾಳಿಘಾಟಿನ ಅಮ್ಮನಿಗೆ ದಾಸವಾಳದ ಹಾರ ಹರಸಿಕೊಂಡರು. ಕರೆಂಟು ಬಂತು! ಬಾಬು ಅದು ತಮ್ಮ ಕಾಲ್ಗುಣವೆಂದು ಇನ್ನೊಂದು ಕಪ್ ಕೇಳಿದರು.

ಮಧ್ಯಾಹ್ನ ಎಲ್ಲ ಸುಸೂತ್ರವಾಗಿ ಮುಗಿಯಿತು. ರಾಯರು ರೀಸ್ಟಾರ್ಟ್ ಒತ್ತಿದರು. ಯಂತ್ರ ಎದ್ದು ಕೂತಿತು, ಕ್ಯಾಮೆರಾದಲ್ಲಿ ಅವರದೇ ಮುಖ ಕಂಡಿತು, ಕಣ್ಣಲ್ಲಿ ನೀರು ಬಂತು. ಸಂಜೆ ವಸುಂಧರಾ ಮೈಸೂರು ಸಿಲ್ಕ್ ಉಟ್ಟು ಪಕ್ಕದಲ್ಲಿ ಬಂದು ಕೂತರು.

ರಾಯರು ಕಂಪ್ಯೂಟರಿನಲ್ಲಿ ಕರೆ ಹಚ್ಚಿದರು. ಉತ್ತರವಿಲ್ಲ. ಮತ್ತೆ ಹಚ್ಚಿದರು. ಇಲ್ಲ. ಕಡೆಗೆ ಬೀಗರಾದ ನರಹರಿರಾಯರಿಗೆ ಫೋನ್ ಮಾಡಿದರೆ, ಅವರ ದನಿಯ ಹಿಂದೆ ಆರತಿಯ ಹಾಡು ಕೇಳುತ್ತಿತ್ತು.

"ಬೀಗರೇ, ಕಂಪ್ಯೂಟರ್ ಹಾಕಿಲ್ವೇ?"

"ಹಾಕಿದ್ದೆನ್ರೀ! ಮುಂಜಾನೆ ನಮ್ಮ ಬೀಗತಿ ಫೋನ್ ಮಾಡಿ, ನೀವು ಅಪ್‌ಡೇಟ್ ಮಾಡ್ಲಿಕತ್ತೀರಿ ಅಂದ್ರು. ಹೆಣ್ಣಿನ ಕಡೆಯವರಿಗಿಂತ ನಾವು ಹಿಂದ ಬೀಳೋದ್ಹ್ಯಾಂಗ್ರೀ? ನಾನೂ ಹಚ್ಚಿದೆ. ನಮ್ಮದು ನಿಮ್ಮಂಗ ಲಿನಕ್ಸ್ ಅಲ್ರೀ; ಈಗ ನೋಡಿದ್ರ, ಬ್ಯಾರೆ ಏನೂ ಮಾಡಗೊಡದ, ಆಫ್ ಮಾಡಬ್ಯಾಡ್ರಿ ಅಂತ ಬರದು ಗಟ್ಟಿ ಕೂತದ."

ರಾಯರು ಹೆಂಡತಿಯತ್ತ ತಿರುಗಿದರು. ವಸುಂಧರಾ ಸೆರಗು ಸರಿಮಾಡಿಕೊಳ್ಳುವುದರಲ್ಲಿ ಮಗ್ನರಾಗಿದ್ದರು.

"ಅದನ್ನ... ಹೇಗಾದ್ರೂ ನಿಲ್ಲಿಸೋಕಾಗಲ್ವೇ?" ಎಂದರು ರಾಯರು ಸೋತ ದನಿಯಲ್ಲಿ.

"ಛೆ ಛೆ, ತಿಳದವರು ನೀವ ಹಿಂಗಂದ್ರ ಹ್ಯಾಂಗ್ರೀ? ಆರತಿ ಮುಂದಿನ ವರ್ಷನೂ ಬರ್ತದ. ಅಪ್‌ಡೇಟ್ ನಡುವ ನಿಲ್ಲಿಸಬಾರದು!"